ಮೂಲೆಯಲ್ಲಿ ಕೂತ ಮರಳು

ಮೇಡಂ, ನಮಸ್ಕಾರ.

ಊರಿನ ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಪತ್ರ ಓದದವರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ನಿಮ್ಮ ಮಗಳು ಒಂಬತ್ತನೇ ಕ್ಲಾಸು. ಎರಡು ಕಿಲೋಮೀಟರ್ ದೂರದ ಶಾಲೆಗೆ ಸೈಕಲ್‌ನಲ್ಲಿ ಹೋಗುತ್ತಿದ್ದಳು. ಕಳೆದ ತಿಂಗಳು ಬಸ್ ಸ್ಟ್ಯಾಂಡ್ ಹತ್ತಿರದ ತಿರುವಿನಲ್ಲಿ ಒಂದು ಬಸ್ಸು ಸ್ಪೀಡ್ ಕಡಿಮೆ ಮಾಡದೆ ತಿರುಗಿತು. ಅವಳು ಅಂಚಿಗೆ ಸರಿದಳು. ಅಲ್ಲಿ ಮರಳು ಕೂತಿತ್ತು. ಚಕ್ರ ಜಾರಿತು, ಮೊಣಕೈಗೆ ಮೂರು ಹೊಲಿಗೆ ಬಿತ್ತು. ಈಗ ದಿನಾ ಅವರಪ್ಪ ಸ್ಕೂಟರ್‌ನಲ್ಲಿ ಬಿಟ್ಟು ಬರುತ್ತಾರೆ. ಸೈಕಲ್ ಮಾರೋಣ ಅಂತಿದ್ದೀರಿ. ಊರ ತುಂಬಾ ಸೈಕಲ್ ಟ್ರ್ಯಾಕ್ ಆಗಬೇಕು, ಫುಟ್‌ಪಾತ್ ಮೇಲಿನ ತಳ್ಳುಗಾಡಿಗಳನ್ನು ಎಬ್ಬಿಸಬೇಕು, ಅದಕ್ಕೆ ನಮ್ಮ ಪತ್ರಿಕೆ ದನಿ ಎತ್ತಬೇಕು ಅನ್ನುವುದು ನಿಮ್ಮ ಕೋರಿಕೆ.

ದನಿ ಎತ್ತೋಣ. ಆದರೆ ನಾನು ಸೈಕಲ್ ಟ್ರ್ಯಾಕ್‌ನಿಂದ ಶುರು ಮಾಡುವುದಿಲ್ಲ. ಆ ಮರಳಿನಿಂದ ಶುರು ಮಾಡುತ್ತೇನೆ.

ಮರಳು ಅಲ್ಲೇ ಯಾಕೆ ಕೂತಿತು? ಅಲ್ಲಿ ಯಾವ ಗಾಡಿಯ ಚಕ್ರವೂ ಓಡಾಡುವುದಿಲ್ಲ, ಅದಕ್ಕೆ. ಚಕ್ರ ಓಡುವ ಕಡೆ ಧೂಳು, ಮರಳು ಎಲ್ಲ ಪಕ್ಕಕ್ಕೆ ಹಾರಿ ಹೋಗುತ್ತದೆ. ಯಾರೂ ಓಡಾಡದ ಮೂಲೆಯಲ್ಲಿ ಗುಡ್ಡೆಯಾಗುತ್ತದೆ. ಅಂದರೆ ಅಷ್ಟು ಡಾಂಬರು ಬಸ್ಸಿಗೆ ಬೇಕಾಗಿಯೇ ಇಲ್ಲ! ಆದರೂ ಮೂಲೆಯನ್ನು ದೊಡ್ಡದಾಗಿ ದುಂಡಗೆ ಬಿಟ್ಟಿದ್ದಾರೆ. ದುಂಡಗಿದ್ದರೆ ಡ್ರೈವರ್ ಬ್ರೇಕ್ ಮುಟ್ಟದೆ ತಿರುಗಬಹುದು. ಮೂಲೆ ಬಿಗಿಯಾಗಿದ್ದರೆ ಎಂಥ ಆತುರದವನೂ ನಿಧಾನ ಮಾಡಲೇಬೇಕು. ಡ್ರೈವರನ್ನು ಬೈಯುವುದು ಸುಲಭ. ನಾನೂ ಬೈಯುತ್ತೇನೆ. ಆದರೆ ಖಾಲಿ ರಸ್ತೆ ಸಿಕ್ಕಾಗ ನನ್ನ ಸ್ಕೂಟರಿನ ಮುಳ್ಳು ಎಲ್ಲಿಗೆ ಹೋಗುತ್ತದೆ ಅಂತ ನನಗೂ ಗೊತ್ತು.

ವೇಗದ ಲೆಕ್ಕ ನೋಡಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬರುವ ಕಾರಿನ ಮುಂದೆ ಮಗು ಅಡ್ಡ ಬಂತು ಅಂದುಕೊಳ್ಳಿ. ಡ್ರೈವರ್ ಎಚ್ಚೆತ್ತು ಬ್ರೇಕ್ ಒತ್ತಲು ಒಂದು ಸೆಕೆಂಡ್ ಹಿಡಿದರೂ, ಒಣ ರಸ್ತೆಯಲ್ಲಿ ಕಾರು ಸುಮಾರು 13-14 ಮೀಟರ್‌ನಲ್ಲಿ ನಿಲ್ಲುತ್ತದೆ. ಅದೇ ಕಾರು 50ರಲ್ಲಿದ್ದರೆ? ಆ ಒಂದು ಸೆಕೆಂಡಿನಲ್ಲೇ 14 ಮೀಟರ್ ಮುಗಿದಿರುತ್ತದೆ. ಬ್ರೇಕ್ ಇನ್ನೂ ಹಿಡಿದೇ ಇಲ್ಲ. ಮೊದಲನೆಯ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೆಯದು ಪೂರಾ 50ರಲ್ಲೇ ಇರುತ್ತದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು.

ಟ್ರ್ಯಾಕ್ ಬೇಡ ಅಂತಲ್ಲ. ದೊಡ್ಡ ರಸ್ತೆಗೆ ಬೇಕು, ಅದೂ ಕಲ್ಲಿನ ಅಂಚು ಕಟ್ಟಿದ್ದೇ ಬೇಕು. ಬರೀ ಬಣ್ಣ ಬಳಿದರೆ ಏನಾಗುತ್ತದೆ ಅಂತ ಬೆಂಗಳೂರಿನ ಜಯನಗರ ತೋರಿಸಿಕೊಟ್ಟಿದೆ. ಸೈಕಲ್‌ಗೆಂದು ಎಳೆದ ಗೆರೆಯೊಳಗೆ ಕಾರುಗಳು ಬಂದು ನಿಂತವು. ಇನ್ನು ಮೈಸೂರು. ಅಲ್ಲಿ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಶುರುವಾಯಿತು. 450 ಬಾಡಿಗೆ ಸೈಕಲ್, ಊರ ತುಂಬಾ ನಿಲ್ದಾಣ. ಜನ ಖುಷಿಯಾಗಿ ತುಳಿದರು. ನನಗೆ ಅದರ ಬಗ್ಗೆ ಪ್ರೀತಿ ಇದೆ. ಆದರೆ ಸೈಕಲ್ ಒದಗಿಸುವುದು ಒಂದು ಕೆಲಸ, ಅದು ಹೋಗುವ ಸರ್ಕಲ್ಲನ್ನು ಸರಿಮಾಡುವುದು ಇನ್ನೊಂದು. ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಹಂಚಿದಾಗಲೂ ಅಷ್ಟೇ. ಮಕ್ಕಳ ಕೈಗೆ ಸೈಕಲ್ ಬಂತು, ತಿರುವು ಹಾಗೇ ಉಳಿಯಿತು.

ತಳ್ಳುಗಾಡಿಯ ವಿಷಯಕ್ಕೆ ನನ್ನ ತಕರಾರಿದೆ. ನಿಮ್ಮ ಪತ್ರ ಬಂದ ಮರುದಿನ ಟೇಪ್ ಹಿಡಿದು ನಮ್ಮ ಕಚೇರಿಯಿಂದ ಅಂಚೆ ಕಚೇರಿಯ ತನಕ ನಡೆದೆ. ನಾನೂರು ಮೀಟರ್ ಇರಬಹುದು. ಫುಟ್‌ಪಾತ್ ಎತ್ತರ ಒಂದು ಕಡೆ 36 ಸೆಂಟಿಮೀಟರ್. ರಸ್ತೆಗಳ ಅಳತೆ ಹೇಗಿರಬೇಕು ಅಂತ ಹೇಳುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಅದರ ಮಾರ್ಗಸೂಚಿ ಪ್ರಕಾರ 15 ದಾಟಬಾರದು, ನಡೆಯಲು 1.8 ಮೀಟರ್ ಆದರೂ ಅಗಲ ಬಿಡಬೇಕು. ನನ್ನ ಮುಂದೆ ಒಬ್ಬ ಅಜ್ಜಿ ಗಿರಣಿಯಿಂದ ರಾಗಿಹಿಟ್ಟು ಬೀಸಿಸಿಕೊಂಡು ಹೋಗುತ್ತಿದ್ದರು. ಹತ್ತುವ ಮೊದಲು ಚೀಲವನ್ನು ಮೇಲಿಟ್ಟರು, ಮಂಡಿಗೆ ಕೈ ಕೊಟ್ಟರು, ಒಂದು ಕಾಲಿಟ್ಟರು. ಏನನ್ನಿಸಿತೋ, ಮತ್ತೆ ಚೀಲ ಎತ್ತಿಕೊಂಡು ರಸ್ತೆಯಲ್ಲೇ ನಡೆದರು. ನಾನು ಏಳು ಸಲ ಕೆಳಗಿಳಿದೆ. ಎರಡು ಸಲ ಬೈಕ್‌ಗಳು, ಎರಡು ಸಲ ಅಂಗಡಿಯ ಮೆಟ್ಟಿಲು, ಒಮ್ಮೆ ಟ್ರಾನ್ಸ್‌ಫಾರ್ಮರ್, ಒಮ್ಮೆ ಚಪ್ಪಡಿ ಕಳಚಿದ ಚರಂಡಿ. ತಳ್ಳುಗಾಡಿಗಾಗಿ ಇಳಿದದ್ದು ಒಂದೇ ಸಲ. ಸೌತೆಕಾಯಿಯವನನ್ನು ಎಬ್ಬಿಸಿದರೆ ಫೋಟೊ ಚೆನ್ನಾಗಿ ಬರುತ್ತದೆ, ಟ್ರಾನ್ಸ್‌ಫಾರ್ಮರ್ ಅಲ್ಲೇ ಇರುತ್ತದೆ. ಬೀದಿ ವ್ಯಾಪಾರಿಗಳಿಗೆ ಜಾಗ ಗುರುತಿಸಿ ಕೊಡಬೇಕು ಅಂತ 2014ರ ಕಾನೂನೇ ಇದೆ, ಅದು ಜಾರಿಯಾಗಲಿ ಅಂತ ಕೇಳೋಣ.

ಚಿಕ್ಕ ಊರಿನಲ್ಲಿ ಇದೆಲ್ಲ ಆಗುತ್ತದಾ ಅನ್ನುತ್ತೀರಿ, ಅಲ್ವಾ? ಸ್ಪೇನ್‌ನಲ್ಲಿ ಪೊಂಟೆವೆದ್ರಾ ಅಂತ ಒಂದು ಊರಿದೆ. ಜನಸಂಖ್ಯೆ 83 ಸಾವಿರದ ಆಸುಪಾಸು. 1999ರಲ್ಲಿ ಲೋರೆಸ್ ಎಂಬ ಡಾಕ್ಟರು ಅಲ್ಲಿ ಮೇಯರ್ ಆದರು. ತಿಂಗಳೊಳಗೆ ಹಳೇ ಪೇಟೆಯನ್ನು ನಡೆಯುವವರಿಗೆ ಬಿಡಿಸಿಕೊಟ್ಟರು. ಆಮೇಲೆ ಉಳಿದ ಬೀದಿಗಳಲ್ಲಿ ವೇಗಕ್ಕೆ ಕಡಿವಾಣ ಹಾಕಿದರು. 1996ರಿಂದ 2006ರವರೆಗೆ ಅಪಘಾತದಲ್ಲಿ 30 ಜನ ಸತ್ತಿದ್ದ ಅದೇ ಬೀದಿಗಳಲ್ಲಿ, ಮುಂದಿನ ಹತ್ತು ವರ್ಷದಲ್ಲಿ ಸತ್ತವರು ಮೂರೇ ಜನ. ಅವರು ಮೆಟ್ರೊ ಮ್ಯಾಪಿನ ಹಾಗೆ ಒಂದು ನಕ್ಷೆ ಕೂಡ ಮಾಡಿದರು. ರೈಲಿನ ಬದಲು ಕಾಲು. ಇಲ್ಲಿಂದ ಮಾರ್ಕೆಟ್‌ಗೆ ಇಷ್ಟು ನಿಮಿಷದ ನಡಿಗೆ, ಅಲ್ಲಿಂದ ಸ್ಟೇಷನ್‌ಗೆ ಇಷ್ಟು ಅಂತ. ನಮ್ಮ ಊರಿಗೂ ಅಂಥದ್ದೊಂದನ್ನು ಬರೆದು ನೋಡಿದೆ. ಗಾಡಿ ತೆಗೆಯುವಷ್ಟು ದೂರ ಯಾವುದೂ ಇರಲಿಲ್ಲ, ನಾಚಿಕೆಯಾಯಿತು.

ಒಂದು ಕಹಿ ಮಾತು, ಬೇಜಾರು ಮಾಡಿಕೊಳ್ಳಬೇಡಿ. ಮಗಳನ್ನು ಸ್ಕೂಟರ್‌ನಲ್ಲಿ ಬಿಡುವುದು ತಪ್ಪಲ್ಲ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಬೆಳಗ್ಗೆ ಒಂಬತ್ತೂವರೆಗೆ ಶಾಲೆ ಗೇಟಿನ ಮುಂದಿನ ನೂಕುನುಗ್ಗಲಿನಲ್ಲಿ ಈಗ ನಿಮ್ಮ ಮನೆಯದೂ ಒಂದು ಗಾಡಿ. ಅದನ್ನು ನೋಡಿ ಹೆದರಿ ಇನ್ನೊಬ್ಬ ಅಪ್ಪ ತನ್ನ ಮಗನ ಸೈಕಲ್ ಬಿಡಿಸುತ್ತಾನೆ. ಗೇಟಿನಿಂದ ನೂರೈವತ್ತು ಮೀಟರ್ ಹಿಂದೆಯೇ ಇಳಿಸಿ ನಡೆಸುವಂತೆ ಹೆಡ್‌ಮಾಸ್ಟರ್ ಒಂದು ಮಾತು ಹೇಳಿದರೆ ಸಾಕು, ಅದಕ್ಕೆ ಟೆಂಡರ್ ಬೇಡ.

ಯಾರಿಗೆ ಬರೆಯಬೇಕು ಅಂತ ಕೇಳಿದ್ದೀರಿ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇರುತ್ತದೆ. ಪೊಲೀಸ್, ಆರ್‌ಟಿಒ, ಲೋಕೋಪಯೋಗಿ ಎಲ್ಲರೂ ಒಂದೇ ಟೇಬಲ್‌ಗೆ ಬರುವುದು ಅಲ್ಲಿ. ‘ಇಡೀ ಊರು ಸರಿಮಾಡಿ’ ಅಂತ ಬರೆದರೆ ಕಡತ ಸೇರುತ್ತದೆ. ಒಂದೇ ಮೂಲೆ ಹಿಡಿಯಿರಿ. ಬೆಳಗ್ಗೆ ಗಾಡಿ ಶುರುವಾಗುವ ಮೊದಲು ಯಜಮಾನರನ್ನು ಕರೆದುಕೊಂಡು ಹೋಗಿ ಮರಳು ಎಲ್ಲಿಂದ ಎಲ್ಲಿಯವರೆಗೆ ಕೂತಿದೆ ಅಂತ ಅಳೆಯಿರಿ. ಫೋಟೊ ತೆಗೆಯಿರಿ. ಅಷ್ಟು ಜಾಗಕ್ಕೆ ಕಬಡ್ಡಿ ಅಂಕಣಕ್ಕೆ ಹಾಕುವ ಹಾಗೆ ಸುಣ್ಣದ ಗೆರೆ ಎಳೆದು, ಒಂದು ವಾರ ಮರಳು ತುಂಬಿದ ಡ್ರಮ್ ಇಟ್ಟು ನೋಡಿ ಅಂತ ಕೇಳಿ. ಬಸ್ಸು ತಿರುಗಿದರೆ ಕಲ್ಲು ಕಟ್ಟಲಿ, ತಿರುಗದಿದ್ದರೆ ಡ್ರಮ್ ಸರಿಸಲಿ. ದಾಟುವ ಜಾಗಕ್ಕೆ ಹಂಪ್ ಕೇಳುವುದಾದರೆ ಅಳತೆ ಸಮೇತ ಕೇಳಿ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಇಲ್ಲದಿದ್ದರೆ ರಾತ್ರೋರಾತ್ರಿ ಒಂದು ಗೋಡೆ ಎದ್ದಿರುತ್ತದೆ, ಸೈಕಲ್‌ನವರೇ ಮೊದಲು ಬೀಳುತ್ತಾರೆ.

ಅರ್ಜಿಯ ಒಂದು ಪ್ರತಿ, ಅಳತೆ, ಫೋಟೊ ನಮಗೂ ಕಳಿಸಿ. ಊರಿನ ಹೆಸರು ಹಾಕಬಹುದು ಅಂತ ಆಗ ನೀವು ಒಪ್ಪಿದರೆ ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟ ಖಾಲಿ ಇಡುತ್ತೇನೆ. ಸೈಕಲ್ ಮಾತ್ರ ಈ ಮೂರು ತಿಂಗಳು ಮಾರಬೇಡಿ.

— ಸಂಪಾದಕ