ಕಪ್ಪು ಕಾರಿನ ಮೇಲೆ ಜೇಡರ ಬಲೆಯಂಥ ಗೀರು: ಹಳೇ ಹೊಳಪು ವಾಪಸ್ ಬರುತ್ತದೆಯೇ?

ನಿಮ್ಮ ಮನೆ ಕಾಸರಗೋಡಿನ ಕುಂಬಳೆಯಲ್ಲಿ ಹೆದ್ದಾರಿಯ ಬದಿಗೆ. ಕಾರು ಕಪ್ಪು, ಮೂರು ವರ್ಷ ಹಳತು. ನೆರಳಲ್ಲಿ ಚಂದ ಕಾಣುತ್ತದೆ, ಬಿಸಿಲಿಗೆ ತಂದರೆ ಬಾನೆಟ್ ತುಂಬ ಸುತ್ತುಸುತ್ತು ಗೀರು. ಒಬ್ಬರು ಪೇಂಟ್ ಮೇಲೆ ಗಟ್ಟಿ ರಕ್ಷಣೆಯ ಪದರ ಕೂರಿಸುವ ಸೆರಾಮಿಕ್ ಕೋಟಿಂಗ್ ಮಾಡಿಸಿ ಅಂದರು, ಇನ್ನೊಬ್ಬರು ಟೂತ್‌ಪೇಸ್ಟ್ ಹಾಕಿ ಉಜ್ಜಿ ಅಂದರು, ಯಾವುದನ್ನು ಮಾಡಲಿ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ನಾನು ಬದಿಯಡ್ಕದ ಕಡೆಯವನು, ನನ್ನದೂ ಕಪ್ಪು ಕಾರೇ. ನಿಮ್ಮ ಸಂಕಟ ನನಗೆ ಚೆನ್ನಾಗಿ ಗೊತ್ತು. ಹೊಳಪು ಖಂಡಿತ ವಾಪಸ್ ಬರುತ್ತದೆ.

ಮೊದಲು ಆ ಗೀರು ಎಲ್ಲಿದೆ ಅಂತ ತಿಳಿದುಕೊಳ್ಳಿ. ಕಪ್ಪು ಬಣ್ಣದ ಮೇಲೆ ಕ್ಲಿಯರ್ ಕೋಟ್ ಅನ್ನುವ ಪಾರದರ್ಶಕ ಪದರ ಇರುತ್ತದೆ. ಕಂಪನಿಯಿಂದ ಬಂದ ಕಾರಿನಲ್ಲಿ ಅದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್. ನಮ್ಮ ಒಂದು ತಲೆಗೂದಲು ಸುಮಾರು 70 ಮೈಕ್ರಾನ್ ಇರುತ್ತದೆ, ಅದಕ್ಕಿಂತಲೂ ತೆಳು. ಗೀರುಗಳೆಲ್ಲ ಈ ಪದರದ ಮೇಲ್ಮೈಯಲ್ಲಿವೆ. ಅವು ನಿಜಕ್ಕೂ ವೃತ್ತಾಕಾರವಾಗಿಯೂ ಇಲ್ಲ. ಎಲ್ಲಾ ದಿಕ್ಕಿಗೂ ಇರುವ ಸಣ್ಣಸಣ್ಣ ಗೆರೆಗಳಲ್ಲಿ ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಮಿನುಗುತ್ತವೆ, ಹಾಗಾಗಿ ಸೂರ್ಯನ ಸುತ್ತ ಬಲೆ ನೇಯ್ದ ಹಾಗೆ ಕಾಣುತ್ತದೆ. ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ಸರಿಸಿ ನೋಡಿ, ಬಲೆಯೂ ಜೊತೆಗೇ ಸರಿಯುತ್ತದೆ. ಪಕ್ಕದ ಮನೆಯ ಬಿಳಿ ಕಾರಿನಲ್ಲೂ ಇಷ್ಟೇ ಗೀರು ಇದ್ದೀತು, ಬಿಳಿಯ ಮೇಲೆ ಕಣ್ಣಿಗೆ ಬೀಳುವುದಿಲ್ಲ.

ಪಾಲಿಶ್ ಮಾಡುವುದೆಂದರೆ ಆ ಪದರವನ್ನೇ ಒಂದೆರಡು ಮೈಕ್ರಾನ್ ಸವೆಸಿ ಸಮ ಮಾಡುವುದು. ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಅದೇ ಪದರ. ಆದ್ದರಿಂದ ಪ್ರತಿ ವರ್ಷ ದೀಪಾವಳಿಗೊಮ್ಮೆ ಮಾಡಿಸುವ ಕೆಲಸ ಇದಲ್ಲ. ನಾನು ಇದನ್ನು ತಿಳಿಯದೆ ಮೊದಲ ಸಲ ಒಂದು ವರ್ಕ್‌ಶಾಪಿಗೆ ಕೊಟ್ಟೆ. ಅರ್ಧ ಗಂಟೆಯಲ್ಲಿ ಇಡೀ ಕಾರು ಕನ್ನಡಿಯಾಗಿತ್ತು. ನಾಲ್ಕು ಸಲ ತೊಳೆದಾಗ ಗೀರುಗಳೆಲ್ಲ ಎದ್ದು ಬಂದವು, ಅವರು ಬಳಿದದ್ದು ಗೀರು ತುಂಬಿಸುವ ಎಣ್ಣೆಯಂಥ ಗ್ಲೇಜ್. ಜೊತೆಗೆ ಪ್ಯಾಡ್ ಒಂದೇ ಸಮ ಗಿರಗಿರ ತಿರುಗುವ ರೋಟರಿ ಪಾಲಿಶ್ ಯಂತ್ರ ಓಡಿದ ಗುರುತು ಬಾನೆಟ್ ಮೇಲೆ ಹೊಗೆಯ ಪಟ್ಟಿಯಂತೆ ಉಳಿಯಿತು, ಬಲಬದಿಯ ಅಂಚಿನಲ್ಲಿ ಬೆರಳಗಲ ಕ್ಲಿಯರ್ ಕೋಟೇ ಹೋಗಿ ಮಂಕಾಗಿತ್ತು. ಅದನ್ನು ನೋಡಿ ನನಗೆ ಆದ ಬೇಸರ ಅಷ್ಟಿಷ್ಟಲ್ಲ.

ಗೀರು ಬಿದ್ದದ್ದು ಹೇಗೆ? ಹೆಚ್ಚಿನ ಪಾಲು ನಮ್ಮ ಕೈಯಿಂದಲೇ. ಬೆಳಿಗ್ಗೆ ಎದ್ದು ಹಳೇ ಬೈರಾಸಿನಿಂದ (ಟವೆಲಿನಿಂದ) ಒಣ ಧೂಳು ಒರೆಸುವ ಅಭ್ಯಾಸ ನಮ್ಮೂರಲ್ಲಿ ಎಲ್ಲರಿಗೂ ಇದೆ. ನಮ್ಮದು ಮುರಕಲ್ಲಿನ ನೆಲ. ಆ ಕೆಂಪು ಧೂಳನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ, ನುಣುಪಾದ ಮಣ್ಣಿನ ನಡುವೆ ಗರಗರ ಅನ್ನುವ ಕಣ ಸಿಗುತ್ತದೆ. ಬೈರಾಸಿನ ಅಡಿಗೆ ಸಿಕ್ಕ ಆ ಕಣವೇ ಗೀರುವುದು. ನಿಮ್ಮಲ್ಲಿ ಹೆದ್ದಾರಿಯ ಧೂಳೂ ಸೇರಿಕೊಳ್ಳುತ್ತದೆ. ಈ ಅಭ್ಯಾಸ ಬಿಡದೆ ಪಾಲಿಶ್ ಮಾಡಿಸಿದರೆ ತಿಂಗಳೊಳಗೆ ಮತ್ತೆ ಅದೇ ಕಥೆ.

ಮಳೆ ಮುಗಿದ ಮೇಲೆ, ನೆರಳಿರುವ ಕಡೆ, ಎರಡು ದಿನ ಬಿಡುವು ಮಾಡಿಕೊಂಡು ಶುರು ಮಾಡಿ. ಮೊದಲು ಪೈಪಿನ ನೀರು ಬಿಟ್ಟು ಮಣ್ಣೆಲ್ಲ ಇಳಿಯಲಿ, ಅಲ್ಲಿಯವರೆಗೆ ಕೈ ಮುಟ್ಟಿಸಬೇಡಿ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಕೈಗವಸನ್ನು ಪ್ರತಿ ಸಲವೂ ಬರೀ ನೀರಿನಲ್ಲಿ ಜಾಲಾಡಿಸಿಯೇ ಶಾಂಪೂವಿಗೆ ಅದ್ದಬೇಕು. ಮೇಲಿಂದ ಕೆಳಕ್ಕೆ ತೊಳೆಯಿರಿ. ಚಕ್ರಕ್ಕೆ ಮುಟ್ಟಿಸಿದ ಬಟ್ಟೆ ಬಾನೆಟ್‌ಗೆ ಬರಬಾರದು.

ಒಣಗಿದ ಮೇಲೆ ಒಂದು ತೆಳು ಪ್ಲಾಸ್ಟಿಕ್ ತೊಟ್ಟೆಯೊಳಗೆ ಕೈ ಹಾಕಿ ಬಾನೆಟ್ ಮೇಲೆ ಮೆಲ್ಲಗೆ ಸವರಿ. ಬರಿಗೈಗೆ ನುಣುಪು ಅನಿಸಿದ ಜಾಗವೂ ಈಗ ಮರಳು ಕಾಗದದ ಹಾಗೆ ತರಿತರಿ ಅನ್ನುತ್ತದೆ. ಅಂಟಿಕೊಂಡ ಆ ಕೊಳೆಯನ್ನು ಕ್ಲೇ ಬಾರ್ ಅನ್ನುವ ಮೆತ್ತಗಿನ ಜೇಡಿಯಂಥ ಮುದ್ದೆ ಎತ್ತುತ್ತದೆ. ಧಾರಾಳವಾಗಿ ಶಾಂಪೂ ನೀರು ಸಿಂಪಡಿಸಿ, ಒತ್ತದೆ ಜಾರಿಸಿ. ಕ್ಲೇ ನೆಲಕ್ಕೆ ಬಿತ್ತೋ, ಅದನ್ನು ಎಸೆದುಬಿಡಿ.

ಯಂತ್ರ ಕೊಳ್ಳುವುದಾದರೆ ಡ್ಯುಯಲ್ ಆ್ಯಕ್ಷನ್ ಪಾಲಿಶರ್ ಕೊಳ್ಳಿ. ಅದರ ಪ್ಯಾಡ್ ತಿರುಗುತ್ತಾ ಅಲುಗಾಡುವುದರಿಂದ ಶಾಖ ಒಂದೇ ಕಡೆ ಸೇರುವುದು ಕಡಿಮೆ, ಹೊಸಬರ ಕೈಯಲ್ಲೂ ಪೇಂಟ್ ಸುಡುವ ಭಯ ರೋಟರಿಯಷ್ಟಿಲ್ಲ. ರಬ್ಬರ್ ಪಟ್ಟಿಗಳಿಗೂ ಬಾಡಿಯ ಚೂಪು ಅಂಚುಗಳಿಗೂ ಮಾಸ್ಕಿಂಗ್ ಟೇಪ್ ಹಚ್ಚಿ, ಅಂಚಿನಲ್ಲಿ ಪೇಂಟ್ ತೆಳು, ಪ್ಯಾಡಿನ ಒತ್ತಡ ಜಾಸ್ತಿ. ನಂತರ ಬಾನೆಟ್‌ನ ಒಂದೂವರೆ ಅಡಿ ಚೌಕದಲ್ಲಿ ಮಾತ್ರ ಪ್ರಯೋಗ. ಮೆತ್ತಗಿನ ಫೋಮ್ ಪ್ಯಾಡ್, ನುಣುಪಾದ ಪಾಲಿಶ್, ಕಡಲೆ ಕಾಳಿನಷ್ಟು ನಾಲ್ಕು ಬೊಟ್ಟು. ಪ್ಯಾಡಿನ ಬೆನ್ನಿಗೆ ಮಾರ್ಕರ್‌ನಿಂದ ಒಂದು ಗೆರೆ ಎಳೆದುಕೊಳ್ಳಿ. ಓಡುವಾಗ ಆ ಗೆರೆ ತಿರುಗುತ್ತಿರುವುದು ಕಾಣಬೇಕು, ಕಾಣದಿದ್ದರೆ ನೀವು ಜಾಸ್ತಿ ಒತ್ತುತ್ತಿದ್ದೀರಿ ಅಥವಾ ಓರೆಯಾಗಿ ಹಿಡಿದಿದ್ದೀರಿ. ಸೆಕೆಂಡಿಗೆ ಒಂದು ಇಂಚಿನಂತೆ, ಸಾಲಿನ ಅರ್ಧದ ಮೇಲೆ ಮುಂದಿನ ಸಾಲು ಬರುವ ಹಾಗೆ, ನಾಲ್ಕರಿಂದ ಆರು ಸುತ್ತು. ಒರೆಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ನೀರು ಬೆರೆಸಿ ಆ ಜಾಗವನ್ನು ಮತ್ತೊಮ್ಮೆ ಒರೆಸಿ. ಪಾಲಿಶಿನ ಎಣ್ಣೆ ಹೋದ ಮೇಲೆ ಟಾರ್ಚ್ ಬೆಳಕಿನಲ್ಲಿ ಕಾಣುವುದೇ ನಿಜವಾದ ಫಲ.

ಅಷ್ಟಕ್ಕೇ ಮುಕ್ಕಾಲು ಗೀರು ಹೋಗಿದ್ದರೆ ಇಡೀ ಕಾರಿಗೆ ಅದೇ ಸಾಕು. ಹೋಗದಿದ್ದರೆ ಮಾತ್ರ ಪಾಲಿಶಿಗಿಂತ ಜೋರಾಗಿ ಸವೆಸುವ ಕಟಿಂಗ್ ಕಾಂಪೌಂಡ್ ಮತ್ತು ಸ್ವಲ್ಪ ಗಟ್ಟಿ ಪ್ಯಾಡ್. ಕಪ್ಪು ಕಾರಿಗೆ ಕಾಂಪೌಂಡ್ ಹಾಕಿದರೆ ಆಮೇಲೆ ನುಣುಪು ಪಾಲಿಶ್ ಹಾಕಲೇಬೇಕು, ಇಲ್ಲವಾದರೆ ಮಂಜು ಕವಿದಂತಿರುತ್ತದೆ. ಟೂತ್‌ಪೇಸ್ಟಿನಲ್ಲಿಯೂ ಉಜ್ಜುವ ಪುಡಿ ಇದೆ ನಿಜ, ಆದರೆ ಅದು ಹಲ್ಲಿಗೆ ಮಾಡಿದ ಪುಡಿ, ಇಂಥದೇ ಮಂಜನ್ನು ಬಿಟ್ಟು ಹೋಗುತ್ತದೆ.

ಸೆರಾಮಿಕ್ ಕೋಟಿಂಗ್ ಗೀರು ತೆಗೆಯುವುದಿಲ್ಲ, ಇದ್ದ ಗೀರಿನ ಮೇಲೆ ಕೂತುಕೊಳ್ಳುತ್ತದೆ. ಜಾಹೀರಾತಿನ 9ಎಚ್ ಎಂಬುದು ಪೆನ್ಸಿಲ್ ಗಡಸುತನದ ಅಳತೆ, ಮರಳಿನಿಂದ ಗೀರು ಬೀಳುವುದಿಲ್ಲ ಎಂದು ಅದರ ಅರ್ಥವಲ್ಲ. ಪಾಲಿಶ್ ಆದ ಮೇಲೆ ಹಾಕಿಸಿದರೆ ಕೊಳೆ ಸುಲಭವಾಗಿ ಜಾರುತ್ತದೆ, ಒಳ್ಳೆಯದೇ. ದುಡ್ಡು ಜಾಸ್ತಿ ಅನಿಸಿದರೆ ಪೇಂಟ್ ಕಾಯಲು ಹಚ್ಚುವ ಸಾಧಾರಣ ಪೇಂಟ್ ಸೀಲಂಟ್ ಹಚ್ಚಿ. ಬರೀ ಮೇಣ ನಮ್ಮ ಜೂನ್ ಜುಲೈ ಮಳೆಗೆ ಹೆಚ್ಚು ದಿನ ನಿಲ್ಲುವುದಿಲ್ಲ.

ಇನ್ನು ಒಂದು, ಮನೆ ಹತ್ತಿರ ಅಡಿಕೆ ತೋಟ ಇದ್ದರೆ. ಅಡಿಕೆಗೆ ಬೋರ್ಡೋ ಔಷಧಿ ಸಿಂಪಡಿಸುವ ದಿನ ಕಾರನ್ನು ದೂರ ನಿಲ್ಲಿಸಿ. ಮೈಲುತುತ್ತು ಸುಣ್ಣದ ಆ ಹನಿ ಗಾಳಿಗೆ ಬಂದು ಕೂತು ಒಣಗಿದರೆ ನೀಲಿ ಹೊಪ್ಪಳೆ ಕಟ್ಟುತ್ತದೆ. ಉಜ್ಜಿದರೆ ಗೀರೇ. ನೀರು ಬೆರೆಸಿದ ವಿನೆಗರ್‌ನಲ್ಲಿ ಬಟ್ಟೆ ಅದ್ದಿ ಅದರ ಮೇಲೆ ಒಂದು ನಿಮಿಷ ಹಾಸಿ, ಮೆತ್ತಗಾದ ಮೇಲೆ ಧಾರಾಳ ನೀರಿನಲ್ಲಿ ತೊಳೆದುಬಿಡಿ.

ಉಗುರಿಗೆ ತಡೆಯುವಷ್ಟು ಆಳದ ಗೀರು ಇದ್ದರೆ ಅದನ್ನು ಹಾಗೆಯೇ ಬಿಡಿ. ನನ್ನ ಎಡ ಬಾಗಿಲಲ್ಲಿ ಅಡಿಕೆ ಸೋಗೆ ಬಿದ್ದು ಎಳೆದ ಒಂದು ಗೆರೆ ಇದೆ. ಅಂಚನ್ನು ಸ್ವಲ್ಪ ನುಣುಪು ಮಾಡಿದೆ, ಈಗ ಎರಡು ಮಾರು ದೂರದಿಂದ ಕಾಣುವುದಿಲ್ಲ. ಅದನ್ನು ಪೂರ್ತಿ ತೆಗೆಯಲು ಹೋಗಿದ್ದರೆ ಆ ಬಾಗಿಲಿನ ಕ್ಲಿಯರ್ ಕೋಟ್ ಅಲ್ಲಿಗೇ ಮುಗಿಯುತ್ತಿತ್ತು.