ಉದುರುವ ಕೂದಲಿಗೂ ಬೆಳಗಿನ ಕಾಫಿಗೂ ಏನು ನಂಟು?

ಪ್ರಶ್ನೆ: ನನಗೆ 34 ವರ್ಷ. ಕಕ್ಕಡ ತಿಂಗಳ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ) ಮಳೆಯಲ್ಲಿ ವಿಪರೀತ ಜ್ವರ ಬಂದು ಹತ್ತು ದಿನ ಮಲಗಿದ್ದೆ. ಗುಣವಾಗಿ ನೆಮ್ಮದಿಯಾಗಿದ್ದೆನಾದರೂ ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದ ಹೊತ್ತಿಗೆ ಬಾಚಣಿಗೆ ತುಂಬ ಕೂದಲು ಬರತೊಡಗಿತು. ಅತ್ತೆಯವರು ಬಾವಿಯ ನೀರೇ ಕಾರಣ ಎನ್ನುತ್ತಾರೆ. ಮುಟ್ಟಿನ ದಿನಗಳಲ್ಲಿ ನನಗೆ ಸ್ರಾವವೂ ಹೆಚ್ಚು. ಬೆಳಿಗ್ಗೆ ಅಕ್ಕಿರೊಟ್ಟಿಯೊಡನೆ ಎರಡು ಲೋಟ ಬೆಲ್ಲದ ಕಾಫಿ ಕುಡಿಯುವುದು ರೂಢಿ. ಗೆಳತಿಯ ಮಾತು ಕೇಳಿ ಬಯೋಟಿನ್ ಎಂಬ ಬಿ ವಿಟಮಿನ್ನಿನ ಮಾತ್ರೆ ಆರಂಭಿಸಿದ್ದೇನೆ. ಸರಿಯೇ?
– ಹೆಸರು ಬೇಡ, ನಾಪೋಕ್ಲು

ಉತ್ತರ: ಬಾವಿಯ ನೀರನ್ನು ದೂರುವ ಮೊದಲು ಕ್ಯಾಲೆಂಡರನ್ನು ನೋಡಿ. ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿದ್ದು, ಅವುಗಳಲ್ಲಿ ಹೆಚ್ಚಿನವು ಬೆಳೆಯುವ ಹಂತದಲ್ಲಿರುತ್ತವೆ. ಉಳಿದ ಕೆಲವು ಎರಡು-ಮೂರು ತಿಂಗಳು ವಿಶ್ರಾಂತಿ ಪಡೆದು ಉದುರುತ್ತವೆ. ಹೀಗೆ ದಿನಕ್ಕೆ 50ರಿಂದ 100 ಕೂದಲು ಬೀಳುವುದು ಸಹಜ. ತೀವ್ರ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ ಅಥವಾ ಊಟವನ್ನು ಏಕಾಏಕಿ ಕಡಿಮೆ ಮಾಡುವುದರಿಂದ ಶರೀರಕ್ಕೆ ಪೆಟ್ಟು ಬಿದ್ದಾಗ, ಬೆಳೆಯುತ್ತಿದ್ದ ಕೂದಲುಗಳಲ್ಲಿ ದೊಡ್ಡ ಪಾಲು ಒಮ್ಮೆಗೇ ವಿಶ್ರಾಂತಿಗೆ ಸರಿದು, ಎರಡು-ಮೂರು ತಿಂಗಳ ನಂತರ ಒಮ್ಮೆಗೇ ಉದುರುತ್ತದೆ. ಕಕ್ಕಡದಿಂದ ಕಾವೇರಿ ಸಂಕ್ರಮಣಕ್ಕೆ ಲೆಕ್ಕ ಹಾಕಿದರೆ ನಿಮ್ಮದು ಅದೇ ಅವಧಿ. ಬೇರೆ ಕೊರತೆಗಳಿಲ್ಲದಿದ್ದರೆ ಇದು ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿಯೇ ತಹಬಂದಿಗೆ ಬರುತ್ತದೆ. ಹೊಸ ಕೂದಲು ಬೆಳೆಯುವುದು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟೇ ಆದ್ದರಿಂದ ಜಡೆಯ ದಪ್ಪ ಮರಳಲು ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕು.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಜ್ವರಕ್ಕಿಂತಲೂ ಹೆಚ್ಚಿನ ಸ್ರಾವ ಮತ್ತು ಆ ಎರಡು ಲೋಟ ಕಾಫಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಪುರುಷನಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಸಾಕಾದರೆ, ಮುಟ್ಟಾಗುವ ವಯಸ್ಸಿನ ಮಹಿಳೆಗೆ 29 ಮಿಲಿಗ್ರಾಂ ಬೇಕು. ಬಿಳಿ ಅಕ್ಕಿಯಿಂದ ಮಾಡುವ ನಮ್ಮ ರೊಟ್ಟಿ, ನೂಲ್‌ಪುಟ್ಟು, ಕಡಂಬುಟ್ಟುಗಳಲ್ಲಿ ಕಬ್ಬಿಣಾಂಶ ಮೊದಲೇ ಕಡಿಮೆ. ಸೊಪ್ಪು ಮತ್ತು ಕಾಳುಗಳಿಂದ ಬರುವುದನ್ನು ಕರುಳು ಹೀರಿಕೊಳ್ಳಲು ಹೋದಾಗ ಕಾಫಿಯಲ್ಲಿರುವ ಪಾಲಿಫಿನಾಲ್ ಎಂಬ ವಸ್ತುಗಳು ಅದನ್ನು ಕಟ್ಟಿಹಾಕುತ್ತವೆ. 1983ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಊಟದ ಜೊತೆ ಕುಡಿದ ಒಂದು ಲೋಟ ಕಾಫಿ ಕಬ್ಬಿಣಾಂಶದ ಹೀರಿಕೆಯನ್ನು ಶೇಕಡ 39ರಷ್ಟು ತಗ್ಗಿಸಿತು, ಚಹಾ ಶೇಕಡ 64ರಷ್ಟು ತಗ್ಗಿಸಿತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿ ಯಾವ ತೊಂದರೆಯನ್ನೂ ಮಾಡಲಿಲ್ಲ. ಊಟವಾಗಿ ಒಂದು ಗಂಟೆಯ ನಂತರ ಕುಡಿದದ್ದು ಮಾತ್ರ ಜೊತೆಯಲ್ಲಿ ಕುಡಿದಷ್ಟೇ ಅಡ್ಡಿಯಾಯಿತು. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಕೂತು ಕಾಫಿ ಬಿಡಿ ಎಂದು ಬರೆಯುವ ಧೈರ್ಯ ನನಗಿಲ್ಲ, ಅದರ ಅಗತ್ಯವೂ ಇಲ್ಲ. ಎದ್ದ ಕೂಡಲೇ ಕುಡಿದು ಮುಗಿಸಿ, ಒಂದು ಗಂಟೆ ಬಿಟ್ಟು ತಿಂಡಿ ತಿನ್ನಿ. ಬೆಲ್ಲದಲ್ಲಿ ಕಬ್ಬಿಣಾಂಶವಿದೆ ಎಂಬ ಸಮಾಧಾನ ಬೇಡ. ಅದೇ ಲೋಟದಲ್ಲಿರುವ ಕಾಫಿ ಅದನ್ನೂ ಬಿಡುವುದಿಲ್ಲ.

ವಿಟಮಿನ್ ಸಿ ಇದಕ್ಕೆ ವಿರುದ್ಧವಾಗಿ ಕೆಲಸ ಮಾಡುತ್ತದೆ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡುವುದು, ಊಟದೊಡನೆ ನೆಲ್ಲಿಕಾಯಿ ಅಥವಾ ನಮ್ಮ ಕೊಡಗಿನ ಕಿತ್ತಳೆ ತಿನ್ನುವುದು ಕಬ್ಬಿಣಾಂಶವನ್ನು ಒಳಗೆ ಸೇರಿಸುತ್ತದೆ. ಹುಳಿಹಣ್ಣಿನ ರಸದಿಂದ ಮಾಡುವ ಕಾಚಂಪುಳಿಯೂ ಹುಳಿಯೇ ಅಲ್ಲವೇ ಎಂದು ಕೇಳುವವರಿದ್ದಾರೆ. ಗಂಟೆಗಟ್ಟಲೆ ಕುದಿಸಿ ಕಪ್ಪಾಗಿ ಇಳಿಸಿದ ಅದರಿಂದ ವಿಟಮಿನ್ ಸಿ ನಿರೀಕ್ಷಿಸುವಂತಿಲ್ಲ, ಅದು ರುಚಿಗೆ ಇರಲಿ. ಮಾಂಸ ತಿನ್ನುವ ಮನೆಯಾದರೆ ಪಂದಿ ಕರಿ, ಮೀನು, ಏಡಿಗಳಲ್ಲಿರುವ ಕಬ್ಬಿಣಾಂಶ ಸಸ್ಯಾಹಾರದ್ದಕ್ಕಿಂತ ಸುಲಭವಾಗಿ ರಕ್ತಕ್ಕೆ ಸೇರುವುದಲ್ಲದೆ, ಅದೇ ತಟ್ಟೆಯ ಸೊಪ್ಪಿನ ಕಬ್ಬಿಣಾಂಶಕ್ಕೂ ದಾರಿ ಮಾಡಿಕೊಡುತ್ತದೆ.

ಆದರೆ ಅಂದಾಜಿನ ಮೇಲೆ ಕಬ್ಬಿಣದ ಮಾತ್ರೆ ನುಂಗಬೇಡಿ. ಹಿಮೋಗ್ಲೋಬಿನ್ ಜೊತೆಗೆ, ಶರೀರದಲ್ಲಿ ಕೂಡಿಟ್ಟ ಕಬ್ಬಿಣಾಂಶವನ್ನು ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ, ಏಕೆಂದರೆ ರಕ್ತಹೀನತೆ ಕಾಣಿಸಿಕೊಳ್ಳುವ ಮೊದಲೇ ಶರೀರದ ದಾಸ್ತಾನು ಬರಿದಾಗಿರಬಹುದು. ಜ್ವರವಿದ್ದಾಗ ಫೆರಿಟಿನ್ ಸುಳ್ಳಾಗಿ ಏರಿರುತ್ತದೆ. ನೀವು ಗುಣವಾಗಿ ತಿಂಗಳುಗಳಾಗಿರುವುದರಿಂದ ಈಗ ಮಾಡಿಸಿದರೆ ಸರಿಯಾದ ಚಿತ್ರ ಸಿಗುತ್ತದೆ. ಥೈರಾಯ್ಡ್ ಕೂಡ ನೋಡಿಸಿ. ಸ್ರಾವ ಏಕೆ ಹೆಚ್ಚು ಎಂಬುದಕ್ಕೆ ಸ್ತ್ರೀರೋಗ ತಜ್ಞರನ್ನು ಕಾಣುವುದನ್ನು ಮುಂದೂಡಬೇಡಿ, ಸೋರುವ ಕೊಡಕ್ಕೆ ನೀರು ತುಂಬಿ ಫಲವಿಲ್ಲ.

ಇನ್ನು ಬಯೋಟಿನ್. ದಿನಕ್ಕೆ ಬೇಕಾದದ್ದು 30ರಿಂದ 40 ಮೈಕ್ರೋಗ್ರಾಂ ಮಾತ್ರ. ಕೂದಲಿನ ಹೆಸರಿನಲ್ಲಿ ಮಾರುವ ಹಲವು ಮಾತ್ರೆಗಳಲ್ಲಿ 5,000ದಿಂದ 10,000 ಮೈಕ್ರೋಗ್ರಾಂ ಇರುತ್ತದೆ. ಮೊಟ್ಟೆ, ಕಡಲೆಕಾಯಿ, ಕಾಳು ತಿನ್ನುವವರಿಗೆ ಇದರ ಕೊರತೆ ಬಹಳ ಅಪರೂಪ, ಕೊರತೆಯಿಲ್ಲದವರ ಕೂದಲನ್ನು ಇದು ಉಳಿಸುತ್ತದೆ ಎನ್ನಲು ಗಟ್ಟಿ ಆಧಾರವೂ ಇಲ್ಲ. ಜೊತೆಗೆ ಥೈರಾಯ್ಡ್ ಪರೀಕ್ಷೆ ಮತ್ತು ಹೃದಯಾಘಾತ ಪತ್ತೆಹಚ್ಚುವ ಟ್ರೋಪೋನಿನ್ ಪರೀಕ್ಷೆಯ ಫಲಿತಾಂಶಗಳನ್ನು ಇದು ತಪ್ಪಾಗಿಸಬಲ್ಲದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಎಚ್ಚರಿಸಿದೆ. ಈಗಲೇ ನಿಲ್ಲಿಸಿ, ಕೆಲವು ದಿನ ಬಿಟ್ಟು ರಕ್ತ ಕೊಡಿ, ಮಾತ್ರೆ ತೆಗೆದುಕೊಂಡಿದ್ದ ವಿಷಯವನ್ನು ವೈದ್ಯರಿಗೆ ತಿಳಿಸಿ.

ಪ್ರಶ್ನೆ: ವಯಸ್ಸು 25. ಜಿಮ್‌ಗೆ ಹೋಗುತ್ತೇನೆ, ದಿನಾ ಆರು ಹಸಿ ಮೊಟ್ಟೆಯ ಬಿಳಿಭಾಗ ಕುಡಿಯುತ್ತೇನೆ. ಆದರೂ ಹಣೆಯ ಎರಡೂ ಬದಿ ಕೂದಲು ಹಿಂದೆ ಸರಿಯುತ್ತಿದೆ. ನಮ್ಮ ತಂದೆಯವರಿಗೂ ಹೀಗೇ ಆಗಿತ್ತು. ಯಾವ ವಿಟಮಿನ್ ಕಡಿಮೆಯಾಗಿರಬಹುದು?
– ಓದುಗ, ಕುಶಾಲನಗರ

ಉತ್ತರ: ನೀವೇ ಉತ್ತರ ಬರೆದಿದ್ದೀರಿ. ಇದು ಬಹುಮಟ್ಟಿಗೆ ವಂಶಪಾರಂಪರ್ಯದ್ದು. ಆಹಾರದಿಂದ ನಿಲ್ಲುವುದಿಲ್ಲ, ಬೇಗನೆ ಚರ್ಮರೋಗ ತಜ್ಞರ ಬಳಿ ಹೋದರೆ ಔಷಧದಿಂದ ತಡೆಯುವ ಸಾಧ್ಯತೆ ಹೆಚ್ಚು. ಮೊಟ್ಟೆಯನ್ನು ಮಾತ್ರ ಬೇಯಿಸಿ ತಿನ್ನಿ. ಹಸಿ ಬಿಳಿಭಾಗದಲ್ಲಿರುವ ಅವಿಡಿನ್ ಎಂಬ ಪ್ರೋಟೀನ್ ಬಯೋಟಿನ್ನನ್ನು ಹಿಡಿದಿಟ್ಟು ಹೀರಿಕೆಯಾಗದಂತೆ ಮಾಡುತ್ತದೆ; ಬೆಂದಾಗ ಅದರ ಶಕ್ತಿ ಅಡಗುತ್ತದೆ. ಹಳದಿಭಾಗವನ್ನು ಎಸೆಯುತ್ತಿದ್ದರೆ, ಬಯೋಟಿನ್ ಇರುವುದೇ ಅದರಲ್ಲಿ.

ಪ್ರಶ್ನೆ: ನಮ್ಮದು ಶುದ್ಧ ಸಸ್ಯಾಹಾರಿ ಕುಟುಂಬ. ಮಗಳು ಮೈಸೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ. ತೂಕ ಇಳಿಸಲೆಂದು ರಾತ್ರಿ ಊಟ ಬಿಟ್ಟಿದ್ದಾಳೆ. ಕೂದಲು ತೆಳುವಾಗಿದೆ. ಮಲ್ಟಿವಿಟಮಿನ್ ಮತ್ತು ಕೂದಲಿನ ಮಾತ್ರೆ ಎರಡನ್ನೂ ತೆಗೆದುಕೊಳ್ಳುತ್ತಿದ್ದಾಳೆ. ಇನ್ನೇನು ಕೊಡಬಹುದು?
– ಒಬ್ಬ ತಾಯಿ, ಮಡಿಕೇರಿ

ಉತ್ತರ: ಮೊದಲು ರಾತ್ರಿಯ ಊಟ ಕೊಡಿ. ಕೂದಲೆಂದರೆ ಬಹುಪಾಲು ಕೆರಾಟಿನ್ ಎಂಬ ಪ್ರೋಟೀನ್. ಆಹಾರ ಸಾಲದಾದಾಗ ಶರೀರ ಮೊದಲು ಕೈಬಿಡುವುದು ಅದನ್ನೇ. ಬೇಳೆ, ಹೆಸರುಕಾಳು, ಮೊಸರು, ಕಡಲೆಕಾಯಿ ಮೂರು ಹೊತ್ತಿಗೂ ಹಂಚಿಹೋಗಲಿ. ಸತುವಿನ ಅಂಶ ಕಾಳುಗಳಲ್ಲಿದ್ದರೂ ಫೈಟೇಟ್ ಎಂಬ ವಸ್ತು ಅದನ್ನು ತಡೆಯುತ್ತದೆ, ಮೊಳಕೆ ಬರಿಸಿದಾಗ ಅಥವಾ ದೋಸೆ ಹಿಟ್ಟಿನಂತೆ ಹುದುಗಿಸಿದಾಗ ಆ ತಡೆ ಸಡಿಲವಾಗುತ್ತದೆ. ವಿಟಮಿನ್ ಬಿ12 ಗಿಡಮೂಲದ ಆಹಾರದಿಂದ ನೆಚ್ಚುವಂತೆ ಸಿಗುವುದಿಲ್ಲ. ಹಾಲು-ಮೊಸರು ಕಡಿಮೆಯಿದ್ದರೆ ಅದನ್ನು, ಜೊತೆಗೆ ವಿಟಮಿನ್ ಡಿಯನ್ನು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಕಾಣದ ಮಡಿಕೇರಿಯವರು ನೀವೂ ಮಾಡಿಸಿಕೊಳ್ಳಬಹುದು.

ನನಗೆ ಆತಂಕವಾಗಿರುವುದು ಎರಡು ಮಾತ್ರೆಗಳ ಬಗ್ಗೆ. ವಿಟಮಿನ್ ಎ ಮತ್ತು ಸೆಲೆನಿಯಂ ಎಂಬ ಖನಿಜ ಮಿತಿ ಮೀರಿದರೆ ಕೂದಲು ಉದುರುತ್ತದೆ, ಯಾವುದಕ್ಕೆಂದು ನುಂಗಿದೆವೋ ಅದೇ ಕೆಡುತ್ತದೆ. ನೀರಿನಲ್ಲಿ ಕರಗುವ ವಿಟಮಿನ್‌ಗಳಂತೆ ಎ ಹೊರಗೆ ಹೋಗದೆ ಯಕೃತ್ತಿನಲ್ಲಿ ಶೇಖರವಾಗುತ್ತಾ ಹೋಗುತ್ತದೆ. ಮಗಳು ರಜೆಗೆ ಬರುವಾಗ ಎರಡೂ ಡಬ್ಬಿಗಳನ್ನು ತರಲು ಹೇಳಿ, ಲೇಬಲ್‌ಗಳನ್ನು ಅಕ್ಕಪಕ್ಕ ಇಟ್ಟು ಈ ಎರಡರ ಪ್ರಮಾಣವನ್ನು ಕೂಡಿಸಿ, ಆ ಚೀಟಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ.