ಪಾಠಯೋಜನೆ ಬರೆದೇ ಸುಸ್ತಾಗಿದೆ

ಪ್ರಶ್ನೆ: ಮೇಡಂ, ನಾನು ಬಿ.ಇಡಿ. ಓದುತ್ತಿದ್ದೇನೆ. ಈಗ ಇಂಟರ್ನ್‌ಶಿಪ್. ಹಳ್ಳಿಯ ಹೈಸ್ಕೂಲಿನಲ್ಲಿ ಎಂಟನೇ ತರಗತಿಗೆ ವಿಜ್ಞಾನ ಪಾಠ ಮಾಡುತ್ತೇನೆ. ರಾತ್ರಿ ಹನ್ನೆರಡರವರೆಗೆ ಪಾಠಯೋಜನೆ, ಚಾರ್ಟು, ರೆಕಾರ್ಡು. ಆಸೆಪಟ್ಟು ಸೇರಿದವಳು ನಾನು. ಈಗ ಬೆಳಿಗ್ಗೆ ಎದ್ದರೆ ಹೋಗುವುದೇ ಬೇಡ ಅನಿಸುತ್ತದೆ. ಈ ಕೆಲಸಕ್ಕೆ ನಾನು ಲಾಯಕ್ಕಲ್ವಾ?
– ಹಾವೇರಿ ಜಿಲ್ಲೆಯ ಓದುಗಿ

ಉತ್ತರ: ನೋಡಮ್ಮ, ನಿನ್ನ ಪತ್ರದಲ್ಲಿ ಪಾಠಯೋಜನೆ ಇದೆ, ಚಾರ್ಟ್ ಇದೆ, ರೆಕಾರ್ಡ್ ಇದೆ. ಒಂದು ಮಗುವೂ ಇಲ್ಲ. ನಿನ್ನ ಸುಸ್ತು ಅಲ್ಲಿಂದಲೇ ಶುರುವಾಗಿದೆ ಅಂತ ನನಗನಿಸುತ್ತದೆ.

1986ರಲ್ಲಿ ನಾನು ಬಿ.ಇಡಿ. ಓದಿದೆ. ಮೊದಲ ಪಾಠದ ದಿನ ನನ್ನ ಕಣ್ಣೆಲ್ಲ ಹಿಂದಿನ ಬೆಂಚಿನಲ್ಲಿ ಕೂತು ಅಂಕ ಹಾಕುತ್ತಿದ್ದ ಮೇಷ್ಟ್ರ ಮೇಲೆ. ಮುಂದೆ ಕೂತ ಹುಡುಗಿಯೊಬ್ಬಳು ಕೈ ಎತ್ತಿದಳು. ಸ್ವಲ್ಪ ಹೊತ್ತು ನೋಡಿ ಇಳಿಸಿದಳು. ಅವಳು ಏನು ಕೇಳಬೇಕೆಂದಿದ್ದಳೋ, ಇವತ್ತಿಗೂ ನನಗೆ ತಿಳಿಯದು. ಅದು ಈಗಲೂ ನೋಯುತ್ತದೆ.

ಆಗ ಬಿ.ಇಡಿ. ಒಂದೇ ವರ್ಷ. 2015ರಿಂದ ಎರಡು ವರ್ಷ ಮಾಡಿ, ಶಾಲೆಯಲ್ಲಿ ಕಳೆಯುವ ದಿನಗಳನ್ನು ಜಾಸ್ತಿ ಮಾಡಿದರು, ಒಟ್ಟು ಇಪ್ಪತ್ತು ವಾರ. ಮಕ್ಕಳ ಜೊತೆ ಬೆರೆಯಲಿ ಅಂತಲೇ ಇಷ್ಟು ದಿನ ಕೊಟ್ಟಿರುವುದು. ಅದೆಲ್ಲ ಮಾರ್ಜಿನ್ ಎಳೆಯುವುದರಲ್ಲಿ, ಅಂದದ ಅಕ್ಷರದಲ್ಲಿ ಮತ್ತೆ ಮತ್ತೆ ನಕಲು ಮಾಡುವುದರಲ್ಲಿ ಹೋದರೆ ಯಾರಿಗೆ ತಾನೇ ಬೇಸರ ಬರುವುದಿಲ್ಲ?

ರೆಕಾರ್ಡ್ ಬಿಡು ಅನ್ನುವುದಿಲ್ಲ, ಅಂಕ ಬೇಕಲ್ಲ. ಆದರೆ ಅದರ ಕೊನೆಯ ಪುಟ ನಿನ್ನದಾಗಿರಲಿ. ಪಾಠ ಮುಗಿದ ಮೇಲೆ ಎರಡೇ ಸಾಲು ಬರೆ: ಇವತ್ತು ಯಾವ ಮಗು ಏನು ಕೇಳಿತು, ಎಲ್ಲಿ ತಡವರಿಸಿತು. ಘರ್ಷಣೆ ಪಾಠಕ್ಕೆ ಚಾರ್ಟೇ ಬೇಕಿಲ್ಲ. ಮರಳಿನ ಮೇಲೆ, ನುಣುಪಾದ ನೆಲದ ಮೇಲೆ ಒಂದು ಗೋಲಿ ಉರುಳಿಸಲು ಹೇಳು. ಎಲ್ಲಿ ಬೇಗ ನಿಂತಿತು, ಯಾಕೆ ಅಂತ ಅವರೇ ಜಗಳವಾಡಲಿ. ನಿನ್ನ ಪಾಠ ವೀಕ್ಷಿಸಲು ಗೆಳತಿ ಬಂದಾಗ, ‘ನನ್ನನ್ನು ನೋಡಬೇಡ, ಆ ಮೂಲೆಯ ನಾಲ್ಕು ಮಕ್ಕಳನ್ನು ನೋಡು’ ಅನ್ನು. ಸಂಜೆ ಇಬ್ಬರೂ ಕೂತು ಮಾತಾಡಿ. ಚಾರ್ಟನ್ನೂ ಹಂಚಿಕೊಂಡು ಮಾಡಿ, ಒಬ್ಬಳೇ ಹೊರಬೇಡ.

ನಿದ್ದೆ, ಊಟ ವಾರಗಟ್ಟಲೆ ಕೆಟ್ಟಿದ್ದರೆ ಸುಮ್ನೆ ಇರಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡು. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಪತ್ರದಲ್ಲಿ ಆ ಕೊನೆಯ ಪುಟದಿಂದ ಒಂದು ಮಗುವಿನ ಪ್ರಶ್ನೆ ಬರೆದು ಕಳಿಸು. ಕಾಯುತ್ತಿರುತ್ತೇನೆ.